ಅಜ್ಜಿಯ ರಕ್ತ ನುಡಿದ ಸಾಕ್ಷ್ಯ



ಪ್ರತಿ ವರ್ಷ ಡಿಸೆಂಬರ್ ೧೭ರ ಬಲಿಪೂಜೆಯಲ್ಲಿ ಸಂತ ಮತ್ತಾಯನು ಬರೆದ ವಂಶಾವಳಿಯನ್ನು ಓದುತ್ತೇವೆ. ಅಬ್ರಹಾಮನಿಂದ ಮೊದಲ್ಗೊಂಡು ಹೆಸರಿನ ಮೇಲೆ ಹೆಸರು. ಹಿಂದಿನ ಬೆಂಚುಗಳಲ್ಲಿ ಆಕಳಿಸುವವರನ್ನು ಕಂಡಿದ್ದೇನೆ, ಅವರನ್ನು ದೂರಲಾರೆ. ಆದರೆ ಆ ಗಂಡಸರ ಸಾಲಿನ ನಡುವೆ ಮತ್ತಾಯನು ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂದು ನಾಲ್ವರು ತಾಯಂದಿರನ್ನು ನಿಲ್ಲಿಸಿ, ಕೊನೆಗೆ ಮರಿಯಮ್ಮನವರ ಬಳಿಗೆ ಬರುತ್ತಾನೆ. ನಮ್ಮ ಮನೆಗಳ ವಂಶವೃಕ್ಷಗಳಲ್ಲಿ ಅಷ್ಟೂ ಇಲ್ಲ. ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರು ಹೇಳಿ ನೋಡೋಣ!

ನಾವು ಬರೆದಿಡದ ಆ ಸಾಲನ್ನು ಸೃಷ್ಟಿಕರ್ತರು ನಮ್ಮ ಮೈಯೊಳಗೇ ಬರೆದಿಟ್ಟಿದ್ದಾರೆ. ಜೀವಕೋಶದಲ್ಲಿ ಮೈಟೋಕಾಂಡ್ರಿಯ ಎಂಬ ಸಣ್ಣ ಭಾಗಗಳಿವೆ. ಕೋಶಕ್ಕೆ ಶಕ್ತಿ ಒದಗಿಸುವುದು ಅವುಗಳ ಕೆಲಸ. ಅವುಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಉಂಟು, ಸುಮಾರು ೧೬,೫೦೦ ಅಕ್ಷರಗಳಷ್ಟು. ಅದು ತಾಯಿಯಿಂದ ಮಗನಿಗೂ ಬರುತ್ತದೆ, ಮಗಳಿಗೂ ಬರುತ್ತದೆ. ಆದರೆ ಮುಂದಿನ ತಲೆಮಾರಿಗೆ ದಾಟಿಸುವವಳು ಮಗಳು ಮಾತ್ರ. ಹೀಗಾಗಿ ಅಜ್ಜಿ, ಅವಳ ಮಗಳು, ಆ ಮಗಳ ಮಗು, ಮೂವರಲ್ಲೂ ಸಾಮಾನ್ಯವಾಗಿ ಅದೇ ಬರಹ. ಉಗುಳನ್ನು ಪರೀಕ್ಷಿಸಿ ಕುಲಮೂಲ ತಿಳಿಸುವ ಕಂಪನಿಗಳು ಈಗ ಹಲವಾರಿವೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ೧,೦೨೪ ಪೂರ್ವಜರ ಲೆಕ್ಕ ಬರುತ್ತದೆ. ಅವರಲ್ಲಿ ಈ ತಾಯಿಯ ಸಾಲು ತೋರಿಸುವುದು ಒಬ್ಬಳನ್ನು. ಕುಲದ ಹೆಮ್ಮೆ ಪಡಲು ಹೊರಟವರಿಗೆ ಇದು ಬಡ ಆಧಾರವೇ ಸರಿ.

ಕದ್ದೊಯ್ದ ಮಗುವಿಗಾದರೋ, ಆ ಒಬ್ಬಳೇ ಸಾಕು.

ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶವನ್ನು ೧೯೭೬ರಿಂದ ೧೯೮೩ರವರೆಗೆ ಸೈನ್ಯ ಆಳಿತು. ವಿರೋಧಿಗಳೆಂದು ಕಂಡವರನ್ನು ಹಿಡಿದೊಯ್ದರು. ಸಾವಿರಾರು ಜನ ಮರಳಲಿಲ್ಲ. ಅವರಲ್ಲಿ ಗರ್ಭಿಣಿಯರಿದ್ದರು. ಹೆರಿಗೆಯಾಗುವವರೆಗೆ ಜೀವಂತ ಇಟ್ಟು, ಬಳಿಕ ಕೊಂದು, ಮಗುವನ್ನು ಸುಳ್ಳು ಕಾಗದಪತ್ರದೊಂದಿಗೆ ಬೇರೆಯವರಿಗೆ, ಎಷ್ಟೋ ಸಲ ಸೈನಿಕರ ಮನೆಗೇ, ಕೊಟ್ಟುಬಿಟ್ಟರು. ಇಂಥ ಮಕ್ಕಳು ಸುಮಾರು ೫೦೦ ಎಂದು ಅಜ್ಜಿಯರ ಅಂದಾಜು. ಹೌದು, ಅಜ್ಜಿಯರು! ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ ತಾಯಂದಿರು ಸುತ್ತು ಹಾಕತೊಡಗಿದ ೧೯೭೭ರಲ್ಲೇ ಈ ಅಜ್ಜಿಯರೂ ಒಂದಾದರು. ತಲೆಗೆ ಬಿಳಿ ಬಟ್ಟೆ. ಮೊದಲಿಗೆ ಅದು ಹಸುಗೂಸಿಗೆ ಕಟ್ಟುವ ಬಟ್ಟೆಯಾಗಿತ್ತು.

ಅಪ್ಪ ಅಮ್ಮ ಇಬ್ಬರೂ ಇಲ್ಲದಿರುವಾಗ ಮಗು ಯಾರದೆಂದು ಅಜ್ಜಿಯ ರಕ್ತದಿಂದಲೇ ಹೇಳಬಹುದೇ? ಈ ಪ್ರಶ್ನೆ ಹೊತ್ತು ಅವರು ವಿಜ್ಞಾನಿಗಳ ಬಾಗಿಲು ತಟ್ಟಿದರು. ಅಮೆರಿಕದ ಮೇರಿ ಕ್ಲೇರ್ ಕಿಂಗ್ ೧೯೮೪ರಿಂದ ಅವರೊಡನೆ ದುಡಿದರು. ತಾಯಿಯ ಕಡೆಯ ಅಜ್ಜಿ ಒಬ್ಬಳೇ ಬದುಕಿದ್ದರೂ ಮೈಟೋಕಾಂಡ್ರಿಯದ ಬರಹ ಹೋಲಿಸಿ ನೋಡಬಹುದಾಯಿತು. ಅಜ್ಜಿಯೂ ಇಲ್ಲವಾದರೆ ಸೋದರಮಾವನ ರಕ್ತವಾದರೂ ಆದೀತು. ೧೯೮೭ರಲ್ಲಿ ಸರ್ಕಾರವೇ ಕಾನೂನು ಮಾಡಿ ಇದಕ್ಕೊಂದು ರಾಷ್ಟ್ರೀಯ ಭಂಡಾರ ಸ್ಥಾಪಿಸಿತು. ತಾವು ಸತ್ತ ಮೇಲೆ ಮೊಮ್ಮಗು ಹುಡುಕಿಕೊಂಡು ಬಂದರೂ ಇರಲಿ ಎಂದು ಮುದುಕಿಯರು ರಕ್ತ ಕೊಟ್ಟು ಹೋದರು. ನಿರೀಕ್ಷೆ ಎಂಬ ದೈವಿಕ ಸದ್ಗುಣವನ್ನು ಗುರುಮಠದಲ್ಲಿ ಪುಸ್ತಕದಿಂದ ಕಲಿತೆ. ಅದರ ರೂಪ ಕಂಡದ್ದು ಇಲ್ಲಿ. ೨೦೨೫ರ ವೇಳೆಗೆ ಸುಮಾರು ೧೪೦ ಮಂದಿ ಪತ್ತೆಯಾಗಿದ್ದರು.

ಧರ್ಮಸಭೆಯವರ ಪಾಲನ್ನು ಮುಚ್ಚಿಡಬಾರದು. ಆ ಕ್ರೌರ್ಯದಲ್ಲಿ ಭಾಗಿಯಾದ ಗುರುವೊಬ್ಬನಿಗೆ ೨೦೦೭ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆ. ಅದೇ ನಾಡಿನಲ್ಲಿ, ೧೯೭೭ರ ಡಿಸೆಂಬರ್‌ನಲ್ಲಿ, ಸಾಂತಾ ಕ್ರೂಸ್ ದೇವಾಲಯದಲ್ಲಿ ಸೇರುತ್ತಿದ್ದ ತಾಯಂದಿರನ್ನೂ ಅವರ ಜೊತೆಗಾರರನ್ನೂ ಹಿಡಿದೊಯ್ದರು. ಇಬ್ಬರು ಫ್ರೆಂಚ್ ಧರ್ಮಭಗಿನಿಯರೂ ಬಲಿಯಾದರು. ಎಸ್ತೆರ್ ಬಾಲೆಸ್ತ್ರೀನೊ ಎಂಬ ತಾಯಿಯ ಸ್ವಂತ ಮಗಳು ಆಗಲೇ ಬಿಡುಗಡೆಯಾಗಿದ್ದಳು. ಆದರೂ ಆಕೆ ಇತರರ ಮಕ್ಕಳಿಗಾಗಿ ಮರಳಿ ಬಂದಿದ್ದರು. ಸಮುದ್ರ ದಡಕ್ಕೆ ತಂದು, ಹೆಸರಿಲ್ಲದೆ ಹೂತಿದ್ದ ಆಕೆಯ ಅಸ್ಥಿಗಳನ್ನು ೨೦೦೫ರಲ್ಲಿ ಡಿಎನ್‌ಎ ಗುರುತಿಸಿತು. ಅದೇ ದೇವಾಲಯದ ಅಂಗಳದಲ್ಲಿ ಅಂತ್ಯಸಂಸ್ಕಾರಕ್ಕೆ ಅನುಮತಿ ಕೊಟ್ಟವರು, ಯೌವನದಲ್ಲಿ ಪ್ರಯೋಗಾಲಯದಲ್ಲಿ ಆಕೆಯ ಕೈಕೆಳಗೆ ದುಡಿದಿದ್ದ ಮಹಾಧರ್ಮಾಧ್ಯಕ್ಷರು. ಮುಂದೆ ಅವರೇ ಪೋಪ್ ಫ್ರಾನ್ಸಿಸ್ ಆದರು.

ದತ್ತು ಪಡೆದ ತಂದೆತಾಯಿಯರೇ, ಇದನ್ನು ಓದಿ ನೋಯಬೇಡಿ. ಕಳವು ಬೇರೆ, ದತ್ತು ಬೇರೆ. ಮತ್ತಾಯನ ವಂಶಾವಳಿ ಸಾಗುವುದೂ ಜೋಸೆಫರ ಮೂಲಕ. ಅವರು ಯೇಸುಸ್ವಾಮಿಗೆ ರಕ್ತಸಂಬಂಧಿಯಲ್ಲ, ಆದರೂ ಹೆಸರಿಟ್ಟವರು ಅವರೇ. ಹನ್ನೆರಡರ ಬಾಲಕ ದೇವಾಲಯದಲ್ಲಿ ತನ್ನ ನಿಜವಾದ ಪಿತನ ಮಾತೆತ್ತಿದಾಗ ಜೋಸೆಫರು ಎದುರಿಗೇ ನಿಂತಿದ್ದರು.

ನಮ್ಮ ಧರ್ಮಕೇಂದ್ರದ ದಂಪತಿಯೊಬ್ಬರು ಒಂದು ಸಂಜೆ ಬಂದು, "ಮಗಳಿಗೆ ಒಂಬತ್ತು ತುಂಬಿತು ಫಾದರ್. ನೆಂಟರಿಗೆಲ್ಲ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ಹೇಳಿದರೆ ನಮ್ಮಿಂದ ದೂರವಾಗುತ್ತಾಳಾ?" ಎಂದರು. ನಾನು ಅರ್ಜೆಂಟೀನದ ಇಗ್ನಾಸಿಯೊ ಎಂಬ ಸಂಗೀತಗಾರನ ಕಥೆ ಹೇಳಿದೆ. ತಾನು ಹೆತ್ತ ಮಗನಲ್ಲವೆಂದು ೨೦೧೪ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ ತಿಳಿದು, ತಾನಾಗಿ ಹೋಗಿ ರಕ್ತ ಕೊಟ್ಟವನು. ಅಜ್ಜಿಯರ ಸಂಘದ ಅಧ್ಯಕ್ಷೆ ಎಸ್ತೆಲಾ ಕಾರ್ಲೊತ್ತೊ ಅಷ್ಟು ವರ್ಷ ಹುಡುಕಿದ ಮೊಮ್ಮಗ ಅವನೇ. ಸೆರೆಯಲ್ಲಿ ಹೆತ್ತ ತಾಯಿ ಲೌರಾ ಇಟ್ಟಿದ್ದ ಹೆಸರು ಗೀದೊ. ಅವನು ಅಜ್ಜಿಯನ್ನು ಅಪ್ಪಿಕೊಂಡ, ಮನೆತನದ ಹೆಸರು ಪಡೆದ. ಸಾಕಿದವರು ಕರೆದ ಇಗ್ನಾಸಿಯೊ ಎಂಬ ಹೆಸರನ್ನೂ ಉಳಿಸಿಕೊಂಡ.

ತಿಂಗಳ ಬಳಿಕ ಆ ದಂಪತಿ ಮಗಳಿಗೆ ಹೇಳಿದರಂತೆ. ಅವಳು ಅಳಲಿಲ್ಲ. "ಆ ಅಮ್ಮನ ಹೆಸರೇನು?" ಎಂದು ಕೇಳಿದಳಂತೆ. ಅವರಿಗೆ ಗೊತ್ತಿರಲಿಲ್ಲ. ಈಗ ಆ ಮನೆಯಲ್ಲಿ ಜಪಸರದ ಕೊನೆಗೆ ಆ ತಾಯಿಗಾಗಿ ಒಂದು ‘ನಮೋ ಮರಿಯ’ ಹೆಚ್ಚಾಗಿ ಹೇಳುತ್ತಾರೆ. ಶುರು ಮಾಡುವವಳು ಮಗಳೇ.