ನೆರವು ಬೇಡಿದವರ ಲೆಕ್ಕ

ಒಂದು ಸೀಮೆಯಲ್ಲಿ ಎಷ್ಟು ಮಂದಿ ಸರಕಾರದ ನೆರವನ್ನು ಆಶ್ರಯಿಸಿದ್ದಾರೆಂದು ಎಣಿಸಿದರೆ ಆ ಸೀಮೆಯ ಆರ್ಥಿಕ ಸ್ಥಿತಿ ತಿಳಿದುಬರುವುದೆಂಬ ನಂಬಿಕೆ ಬಹು ಹಳೆಯದು. ಜ್ವರವನ್ನಳೆಯುವ ಪಾದರಸದ ಕಡ್ಡಿಯಂತೆ ಈ ಸಂಖ್ಯೆಯೂ ಏರಿದರೆ ಕೇಡು, ಇಳಿದರೆ ಕ್ಷೇಮವೆಂದು ಆಡಳಿತಗಾರರು ಓದುತ್ತಾರೆ. ಆದರೆ ವೈದ್ಯನು ಕಡ್ಡಿಯನ್ನು ಓದುವ ಮುನ್ನ ಅದರ ಪಾದರಸವನ್ನು ತಾನೇ ಇಳಿಸಿ ಜ್ವರ ಇಳಿಯಿತೆನ್ನುವುದಿಲ್ಲ, ಸರಕಾರವು ಹಾಗೆನ್ನಬಲ್ಲುದು.

1877ರ ಮಹಾಕ್ಷಾಮವನ್ನು ನೋಡಿರಿ. ವೆಚ್ಚವನ್ನು ಕುಗ್ಗಿಸಲೆಂದು ಬಂದ ಸರ್ ರಿಚರ್ಡ್ ಟೆಂಪಲನು ಪರಿಹಾರದ ಕಾಮಗಾರಿಗಳಲ್ಲಿ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಕೆಲವು ಕಾಸು, ಇಷ್ಟಕ್ಕೆ ಇಳಿಸಿದನು. ಮುಂಬಯಿ ಪ್ರಾಂತದಲ್ಲಿ ಕೂಲಿ ತಗ್ಗಿದೊಡನೆ ಸಾವಿರಾರು ಮಂದಿ ಕೆಲಸವನ್ನು ತೊರೆದು ನಡೆದರು. ಪಟ್ಟಿಯಲ್ಲಿ ಸಂಖ್ಯೆ ಇಳಿಯಿತು, ಹಸಿವು ಇಳಿಯಿತೆ? ಆಗ ಬಳ್ಳಾರಿಯನ್ನೂ ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ ಡಾಕ್ಟರ್ ಕಾರ್ನಿಷ್ ಎಂಬ ಆರೋಗ್ಯಾಧಿಕಾರಿಯು ಆ ಕೂಲಿಯಿಂದ ದುಡಿಯುವ ದೇಹ ನಿಲ್ಲದೆಂದು ಪಟ್ಟುಹಿಡಿದು ವಾದಿಸಿದನು. ಅದೇ ವರ್ಷ ಅಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು.

ಅದು ಪರರ ಆಳ್ವಿಕೆ ಎಂದು ಸಮಾಧಾನ ತಾಳುವಂತಿಲ್ಲ. ಸ್ವತಂತ್ರ ಭಾರತದ 2005ರ ಗ್ರಾಮೀಣ ಉದ್ಯೋಗ ಖಾತರಿಯ ಶಾಸನವು ಕೆಲಸ ಕೇಳುವುದನ್ನು ಭಿಕ್ಷೆಯಲ್ಲ, ಹಕ್ಕು ಎಂದಿತು. ಅದರ ಲೆಕ್ಕದಲ್ಲಿಯೂ ಇದೇ ತೊಡಕು. 2023-24ರ ಆರ್ಥಿಕ ಸಮೀಕ್ಷೆಯ ಪ್ರಕಾರ, ದೇಶದ ಬಡವರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ತಮಿಳುನಾಡಿಗೆ ಆ ವರ್ಷದ ಹಣದಲ್ಲಿ ನೂರಕ್ಕೆ ಸುಮಾರು 15 ಪಾಲು ಸಂದಿತು. ನೂರಕ್ಕೆ ಸುಮಾರು 45 ಪಾಲು ಬಡವರುಳ್ಳ ಬಿಹಾರ, ಉತ್ತರಪ್ರದೇಶಗಳಿಗೆ ಕೂಡಿ ಸಂದದ್ದು 17. ಆದುದರಿಂದ ಈ ಬೇಡಿಕೆಯನ್ನು ದೈನ್ಯದ ಅಳತೆಯೆಂದು ಎಣಿಸಲಾಗದೆಂದು ಸಮೀಕ್ಷೆ ವಾದಿಸಿತು.

ಮಾತು ಸರಿಯೇ. ಆದರೆ ಅಲ್ಲಿಗೇ ನಿಲ್ಲುವುದು ನ್ಯಾಯವೆನಿಸದು. ಬಿಹಾರದ ಕೂಲಿಕಾರನು ಕೆಲಸ ಕೇಳಲೇ ಇಲ್ಲವೊ, ಕೇಳಿದ್ದನ್ನು ಬರೆದುಕೊಳ್ಳುವವರು ಇರಲಿಲ್ಲವೊ, ಕಾದು ಬೇಸತ್ತು ದೂರದ ಪಟ್ಟಣಕ್ಕೆ ರೈಲು ಹತ್ತಿದನೊ? ಅರ್ಜಿ ಬರೆಯಬಲ್ಲ, ಪಂಚಾಯತಿಯ ಬಾಗಿಲಲ್ಲಿ ನಿಂತು ಜೋರಾಗಿ ಕೇಳಬಲ್ಲ ಹೆಂಗಸರಿರುವ ಸೀಮೆಯಲ್ಲಿ ಸಂಖ್ಯೆ ದೊಡ್ಡದಾಗಿದ್ದರೆ ಅದನ್ನು ರೋಗವೆನ್ನುವುದಕ್ಕಿಂತ ಆರೋಗ್ಯವೆನ್ನುವುದು ಹೆಚ್ಚು ಒಪ್ಪೀತೆಂದು ನನಗೆ ತೋರುತ್ತದೆ. ಸಂಖ್ಯೆ ಸಣ್ಣದಾಗಿರುವೆಡೆ ಅಗತ್ಯವೂ ಸಣ್ಣದೆಂದು ಬಗೆದು ಮುಂದಿನ ವರ್ಷದ ಹಣವನ್ನು ಮೊಟಕುಮಾಡಿದರೆ, ಕೇಳಲಾರದವನಿಗೆ ಎರಡನೆಯ ಸಲ ದಂಡ ವಿಧಿಸಿದಂತಾಯಿತು.

ಲೆಕ್ಕ ಬೇಡವೆಂದು ನಾನು ಹೇಳುವುದಿಲ್ಲ. ನೆರವು ಪಡೆದವರ ಸಂಖ್ಯೆಯನ್ನು ಅಚ್ಚುಹಾಕುವವರು, ಬಂದು ಬರಿಗೈಯಲ್ಲಿ ಹಿಂದಿರುಗಿದವರೆಷ್ಟು, ದುಡಿದವರಿಗೆ ಕೂಲಿ ಎಷ್ಟು ದಿನ ತಡವಾಗಿ ಸಂದಿತು ಎಂಬ ಎರಡು ಸಾಲುಗಳನ್ನೂ ಅದರ ಪಕ್ಕದಲ್ಲಿಯೇ ಅಚ್ಚುಹಾಕಲಿ.