ಅಂಗರಾಜ್ಯ ಮತ್ತು ಒಂದು ಕಾರು

ಕಳೆದ ವರ್ಷದ ಮಳೆಗಾಲದ ಮಾತು. ಪದವಿ ತರಗತಿಗಳು ಆರಂಭವಾಗಿ ಮೂರು ವಾರವಾಗಿತ್ತು. ದುರ್ಯೋಧನನು ಕರ್ಣನಿಗೆ ಅಂಗರಾಜ್ಯವನ್ನು ಕೊಡುವ ಭಾಗವನ್ನು ಪಂಪಭಾರತದಿಂದ ಪಾಠಮಾಡಿ, ಅಧ್ಯಾಪಕರ ಕೊಠಡಿಗೆ ಬಂದು ಕುಳಿತಿದ್ದೆ. ಮೊದಲ ವರ್ಷದ ಬಿ.ಎ. ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತು, "ಸಾರ್, ಒಂದು ಸಂದೇಹ" ಎಂದ. ಬಾರಪ್ಪ ಎಂದೆ.

"ಆ ರಾಜ್ಯ ನನಗೆ ಬೇಡ ಅಂತ ಕರ್ಣ ಹೇಳಬೇಕಾಗಿತ್ತೇ ಸಾರ್?"

ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. 'ಈ ಪದ್ಯ ಪರೀಕ್ಷೆಗೆ ಬರುತ್ತದೆಯೇ' ಎಂಬ ಪ್ರಶ್ನೆಗೆ ಒಗ್ಗಿಹೋದ ಕಿವಿಗೆ ಇದು ಅಮೃತದಂತೆ ಕೇಳಿಸಿತು. ಹಿಗ್ಗಿ, ಋಣ, ಅಭಿಮಾನ, ಸ್ವಾಮಿಭಕ್ತಿ ಎಂದು ಹತ್ತು ನಿಮಿಷ ಮಾತನಾಡಿದೆ. ಆಮೇಲೆ ತಿಳಿಯಿತು, ಹುಡುಗನಿಗೆ ಬೇಕಾಗಿದ್ದುದು ಕರ್ಣನ ವಿಚಾರವಲ್ಲ, ಕಾರಿನ ವಿಚಾರ.

ಸಂಗತಿ ಇಷ್ಟು. ಅವನ ತಂದೆಗೆ ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಹುಡುಗ ಪಿ.ಯು.ಸಿ.ಯಲ್ಲಿ ಕಾಮರ್ಸ್ ಓದಿ, ಪದವಿಗೆ ಹಟಮಾಡಿ ಬಿ.ಎ. ಸೇರಿ, ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದ. ತಂದೆ ಬೈಯಲಿಲ್ಲ. ಬಿ.ಕಾಂ.ಗೆ ಬದಲಾಯಿಸಿಕೊಂಡರೆ ದೀಪಾವಳಿಗೆ ಹೊಸ ಕಾರು ಎಂದರು, ಅಷ್ಟೆ. ಹುಡುಗನಿಗೆ ಹದಿನೆಂಟು ತುಂಬಿತ್ತು. ಕಲಿಕೆಯ ಲೈಸೆನ್ಸೂ ಕೈಗೆ ಬಂದಿತ್ತು. ಕಾಲೇಜಿನಲ್ಲಿ ಕೋರ್ಸು ಬದಲಾಯಿಸಿಕೊಳ್ಳುವುದಕ್ಕೆ ಇನ್ನು ಹತ್ತು ದಿನ ಮಾತ್ರ ಅವಕಾಶ.

"ಬಿ.ಕಾಂ. ಓದುತ್ತಾ ಸಂಜೆ ಹೊತ್ತು ಪಂಪನನ್ನು ಓದಿಕೊಳ್ಳುತ್ತೇನೆ ಸಾರ್. ಕಾರೂ ಬರುತ್ತೆ. ಇದರಲ್ಲಿ ತಪ್ಪೇನಾದರೂ ಇದೆಯೇ?"

ನನ್ನಂಥ ಮೇಷ್ಟರ ನಾಲಗೆಯ ತುದಿಯಲ್ಲಿ ಇಂಥ ಸಮಯಕ್ಕೆ ನಚಿಕೇತ ಸಿದ್ಧವಾಗಿಯೇ ಇರುತ್ತಾನೆ. ಯಮನು ರಥಗಳನ್ನೂ ಕುದುರೆಗಳನ್ನೂ ದೀರ್ಘಾಯುಸ್ಸನ್ನೂ ಕೊಡುತ್ತೇನೆಂದರೂ ಆ ಬಾಲಕ ಎಲ್ಲವನ್ನೂ ಒಲ್ಲೆನೆಂದ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಕಠೋಪನಿಷತ್ತು ಹೇಳುತ್ತದೆ. ಉಪದೇಶಕ್ಕೆ ಬಾಯಿ ತೆರೆದೆ. ಆದರೆ ಕಿಟಕಿಯ ಆಚೆ ಹೊಂಗೆಯ ಮರದ ಕೆಳಗೆ ನನ್ನದೇ ಕಾರು ನಿಂತಿತ್ತು. ಅದರ ಕಂತು ಇನ್ನೂ ಎರಡು ವರ್ಷ ಉಳಿದಿತ್ತು. ಕಂತಿನ ಕಾರಿನಲ್ಲಿ ಬಂದವನು ರಥವನ್ನು ತ್ಯಜಿಸಿದ ಕಥೆ ಹೇಳುವುದು ಚೆನ್ನಾಗಿರಲಾರದು ಎನ್ನಿಸಿ, "ನಾಳೆ ಬಾ" ಎಂದು ಕಳುಹಿಸಿದೆ.

ಆ ರಾತ್ರಿ ಯೋಚಿಸಿದೆ. ಮೊದಲು ಹೇಳಬೇಕಾದದ್ದು, ಆ ತಂದೆ ಯಮನಲ್ಲ. ಪ್ರವೇಶದ ದಿನ ಅವರನ್ನು ಕಂಡಿದ್ದೆ. "ನಾನು ಎಸ್ಸೆಸ್ಸೆಲ್ಸಿಗೇ ಬಿಟ್ಟವನು ಮೇಷ್ಟ್ರೇ. ಇವನು ನನ್ನ ಹಾಗೆ ಆಗಬಾರದು, ಅಷ್ಟೇ" ಎಂದಿದ್ದರು. ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ಅಧಿಕಾರವಲ್ಲ, ಭಯ. ಮಗನ ಜೊತೆ ವಾದಿಸಿ ಗೆಲ್ಲುವಷ್ಟು ಮಾತು ತಮ್ಮಲ್ಲಿಲ್ಲವೆಂದು ತಿಳಿದವರು ಮಾತಿನ ಜಾಗದಲ್ಲಿ ಕಾರನ್ನು ನಿಲ್ಲಿಸಿದ್ದರು. ನಾವೆಲ್ಲ ಮಕ್ಕಳಿಗೆ ಮಾಡುವುದೂ ಇದನ್ನೇ ಅಲ್ಲವೇ? ಅನ್ನ ಉಣ್ಣು, ಚಂದಮಾಮನನ್ನು ತೋರಿಸುತ್ತೇನೆ ಎನ್ನುತ್ತೇವೆ.

ಹಾಗಾದರೆ ದೋಷ ಕಾರಿನಲ್ಲಿದೆಯೇ? ಅದೂ ಇಲ್ಲ. ಆದರೆ ಕಾರಿಗೂ ಓದಿಗೂ ಒಂದು ವ್ಯತ್ಯಾಸವಿದೆ. ಅದನ್ನು ವೇದಾಂತಿಗಳಿಗಿಂತ ಬ್ಯಾಂಕಿನವರು ಚೆನ್ನಾಗಿ ಬಲ್ಲರು. ವಿದ್ಯಾಭ್ಯಾಸದ ಸಾಲವನ್ನು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷ ಕಳೆದ ಮೇಲೆ ತೀರಿಸಲು ಆರಂಭಿಸಿದರೆ ಸಾಕು. ಕಾರಿನ ಸಾಲಕ್ಕೆ ಮರು ತಿಂಗಳಿನಿಂದಲೇ ಕಂತು. ಓದು ಫಲ ಕೊಡಲು ಕಾಲ ಬೇಕೆಂದೂ, ಕಾರು ಅಂಗಡಿಯ ಬಾಗಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುವುದೆಂದೂ ಅವರಿಗೆ ಗೊತ್ತು. ಆ ತಂದೆ ಕಾರಿಗೆ ಐದು ವರ್ಷದ ಸಾಲ ಮಾಡುವುದೆಂದು ಗೊತ್ತುಮಾಡಿದ್ದರು. ಪದವಿ ಮೂರು ವರ್ಷ. ಓದು ಮುಗಿದು ಎರಡು ವರ್ಷವಾದರೂ, ಆ ಓದಿಗೆ ಒಪ್ಪಿಸಲು ಕೊಟ್ಟ ಕಾಣಿಕೆಯ ಕಂತು ಮುಗಿದಿರುವುದಿಲ್ಲ. ಪ್ರತಿ ತಿಂಗಳೂ ಮನೆಯಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. ಋಣವೆಂದರೆ ಹಣವೊಂದೇ ಅಲ್ಲ.

ಅಂಗರಾಜ್ಯ ಕರ್ಣನಿಗೆ ಮಾಡಿದ್ದು ಇದನ್ನೇ. ಅವನು ಹೀನನಾಗಲಿಲ್ಲ, ಆ ಋಣವನ್ನು ಪ್ರಾಣಕೊಟ್ಟು ತೀರಿಸಿದ್ದರಿಂದಲೇ ದೊಡ್ಡವನಾದ. ಆದರೆ ಅಂದಿನಿಂದ ಅವನ ಒಂದೊಂದು ತೀರ್ಮಾನದಲ್ಲೂ ಅಂಗರಾಜ್ಯ ಪಾಲುದಾರನಂತೆ ಬಂದು ಕುಳಿತುಬಿಟ್ಟಿತು. ಆಮಿಷದ ಕೇಡು ಇರುವುದು ಇಲ್ಲಿ ಎಂದು ನನ್ನ ಭಾವನೆ. ಅದು ನಮ್ಮಿಂದ ಕೆಟ್ಟದ್ದನ್ನೇ ಮಾಡಿಸಬೇಕೆಂದಿಲ್ಲ, ಎಷ್ಟೋ ಸಲ ಒಳ್ಳೆಯದನ್ನೇ ಮಾಡಿಸೀತು. ಆದರೆ ನಾವು ಏಕೆ ಮಾಡಿದೆವು ಎಂಬ ಅರಿವನ್ನು ಕದ್ದುಬಿಡುತ್ತದೆ. ಬಿ.ಕಾಂ. ಒಳ್ಳೆಯದಾದರೆ ಅಪ್ಪನ ಪುಣ್ಯ, ಕೆಟ್ಟದ್ದಾದರೆ ಅಪ್ಪನ ತಪ್ಪು, ಎರಡರಲ್ಲಿಯೂ ಹುಡುಗನಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ 'ಕಾರು ಬೇಡವೆನ್ನು' ಎಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ನನ್ನದೇ ಒಂದು ಹಳೆಯ ಕಥೆ ಅಡ್ಡ ಬಂತು. ನಾನು ಬಿ.ಎ. ಮುಗಿಸಿದಾಗ ನನ್ನ ಸೋದರಮಾವ, "ಬಿ.ಎಡ್. ಮಾಡಿ ಹೈಸ್ಕೂಲು ಮೇಷ್ಟರಾಗು, ಚೇತಕ್ ಸ್ಕೂಟರು ಕೊಡಿಸುತ್ತೇನೆ" ಎಂದಿದ್ದರು. ನಾನು ರೋಷದಿಂದ ಒಲ್ಲೆನೆಂದು ಎಂ.ಎ.ಗೆ ಸೇರಿದೆ. ಎಷ್ಟೋ ವರ್ಷ ಈ ತ್ಯಾಗವನ್ನು ನೆನೆದು ಒಳಗೊಳಗೇ ಬೀಗಿದವನು ನಾನು. ಆ ರಾತ್ರಿ ಮೊದಲ ಬಾರಿಗೆ ಕೇಳಿಕೊಂಡೆ: ನಾನು ಎಂ.ಎ. ಆರಿಸಿಕೊಂಡೆನೋ, ಅಥವಾ ಸ್ಕೂಟರನ್ನು ನಿರಾಕರಿಸಿದೆನೋ? ಮಾವ ಸ್ಕೂಟರಿನ ಮಾತೇ ಎತ್ತದೆ ಸುಮ್ಮನೆ ಬಿ.ಎಡ್. ಎಂದಿದ್ದರೆ ಏನು ಮಾಡುತ್ತಿದ್ದೆ? ಉತ್ತರ ಹೊಳೆಯಲಿಲ್ಲ. ಆಮಿಷಕ್ಕೆ ಒಲಿದವನು ಅದರ ಆಳಾದರೆ, ಅದಕ್ಕೆ ಮುನಿದವನೂ ಆಳೇ. ಇಬ್ಬರನ್ನೂ ಓಡಿಸಿದ್ದು ಸ್ಕೂಟರೇ.

ಆಗ ನಚಿಕೇತನ ಕಥೆ ಬೇರೆ ರೀತಿಯಲ್ಲಿ ಕಂಡಿತು. ಅವನ ಹಿರಿಮೆ ರಥವನ್ನು ಬೇಡವೆಂದದ್ದರಲ್ಲಿ ಇಲ್ಲ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಅವನು ಮೊದಲೇ ಕೇಳಿಯಾಗಿತ್ತು. ರಥ ಬಂದದ್ದು ಆಮೇಲೆ. ಪ್ರಶ್ನೆ ತನ್ನದಾಗಿದ್ದುದರಿಂದ ರಥದ ತೂಕ ಎಷ್ಟೆಂದು ಅವನಿಗೆ ತಿಳಿಯಿತು. ಮುಂದೆ ಯಮನು ಪಾಠ ಹೇಳುವಾಗ ದೇಹವೇ ರಥ, ಬುದ್ಧಿಯೇ ಸಾರಥಿ ಎಂದು ಆ ರಥವನ್ನೇ ಉಪಮಾನವಾಗಿ ತೆಗೆದುಕೊಳ್ಳುತ್ತಾನೆ. ರಥದ ಮೇಲೆ ಆ ಉಪನಿಷತ್ತಿಗೆ ಯಾವ ದ್ವೇಷವೂ ಇಲ್ಲ. ನಮ್ಮ ಹುಡುಗನ ತೊಂದರೆಯೆಂದರೆ, ಅವನ ಬಾಗಿಲಿಗೆ ಪ್ರಶ್ನೆಗಿಂತ ಮುಂಚೆ ರಥ ಬಂದಿತ್ತು.

ಮರುದಿನ ಅವನಿಗೆ ಉಪದೇಶ ಮಾಡಲಿಲ್ಲ. ಎರಡು ಪ್ರಶ್ನೆ ಕೇಳಿದೆ. "ಕಾರು ಎರಡು ಕಡೆಯೂ ಇದೆ ಎಂದುಕೋ, ಬಿ.ಎ. ಓದಿದರೂ ಬರುತ್ತೆ, ಬಿ.ಕಾಂ. ಓದಿದರೂ ಬರುತ್ತೆ. ಆಗ ಯಾವುದು? ಎರಡು ಕಡೆಯೂ ಇಲ್ಲ ಎಂದುಕೋ. ಆಗ ಯಾವುದು?"

ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, "ಗೊತ್ತಿಲ್ಲ ಸಾರ್. ಅಕೌಂಟೆನ್ಸಿ ಬೇಜಾರು ಅಂತ ಬಿ.ಎ. ಸೇರಿದೆ ಅನ್ನಿಸುತ್ತೆ" ಎಂದ. ನನ್ನ ಹೆಮ್ಮೆಗೆ ಸ್ವಲ್ಪ ಪೆಟ್ಟಾಯಿತು. ಆದರೆ ಮಾತು ಸತ್ಯವಾಗಿತ್ತು.

"ಹಾಗಾದರೆ ಕಾರನ್ನು ಬದಿಗಿಟ್ಟು ನಿಮ್ಮ ತಂದೆಯವರ ಜೊತೆ ಮಾತನಾಡು" ಎಂದೆ.

ಹದಿನೆಂಟರ ವಯಸ್ಸಿಗೆ ನಾವು ಏನೇನನ್ನು ಹೊರಿಸುತ್ತೇವೆ! ಮತದಾನದ ವಯಸ್ಸನ್ನು 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದೆವು. ಕಾರು ಓಡಿಸುವ ಹಕ್ಕೂ ಹದಿನೆಂಟಕ್ಕೇ. ಆದರೂ ಕಾರಿನ ವಿಷಯದಲ್ಲಿ ಕಾನೂನು ವಿವೇಕದಿಂದ ನಡೆದುಕೊಳ್ಳುತ್ತದೆ. ಮೊದಲು ಕಲಿಕೆಯ ಲೈಸೆನ್ಸು. ಅದಾಗಿ ಮೂವತ್ತು ದಿನವಾದರೂ ಕಳೆಯದೆ ಕಾಯಂ ಲೈಸೆನ್ಸಿಲ್ಲ. ಕಾರಿಗೆ ಕೆಂಪು 'ಎಲ್' ಹಲಗೆ. ಇವನು ತಪ್ಪಬಹುದು, ಸ್ವಲ್ಪ ದೂರವಿರಿ ಎಂದು ಲೋಕಕ್ಕೆ ಸೂಚನೆ. ಓದನ್ನು ಆರಿಸುವವನಿಗೆ ಮಾತ್ರ ಇಂಥ ಹಲಗೆ ಕೊಡುವುದಿಲ್ಲ. ಒಮ್ಮೆ ಹಿಡಿದ ದಾರಿ ಸಾಯುವವರೆಗೂ ಎಂದು ಹೆದರಿಸುತ್ತೇವೆ. ನಮ್ಮ ರಾಜ್ಯವೇ 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿತು. ಸರ್ಕಾರ ಮನಸ್ಸು ಬದಲಾಯಿಸಬಹುದಾದರೆ ಹುಡುಗ ಬದಲಾಯಿಸಬಾರದೇ?

ಡ್ರೈವಿಂಗ್ ಶಾಲೆಯ ಕಾರನ್ನು ನೋಡಿದ್ದೀರಲ್ಲ, ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಸ್ಟೀರಿಂಗ್ ಮಾತ್ರ ಕಲಿಯುವವನ ಕೈಯಲ್ಲಿ. ತಂದೆತಾಯಿಗೂ ಮೇಷ್ಟರಿಗೂ ಸಲ್ಲುವ ಸ್ಥಾನ ಅದೇ ಇರಬೇಕು. ಹಳ್ಳ ಎದುರಾದಾಗ ಕಾಲು ಒತ್ತುವುದು ನಮ್ಮ ಕೆಲಸ. ಚಕ್ರಕ್ಕೆ ಕೈ ಹಾಕುವುದಲ್ಲ.

ಒಂಬತ್ತನೆಯ ದಿನ ಹುಡುಗ ಬಂದ. ರಾತ್ರಿ ಅಂಗಡಿಯ ಷಟರ್ ಎಳೆದ ಮೇಲೆ ತಂದೆಯನ್ನು, "ಕಾರಿನ ಮಾತು ಬಿಟ್ಟು ಹೇಳಿ, ನಾನು ಬಿ.ಕಾಂ. ಯಾಕೆ ಓದಬೇಕು?" ಎಂದು ಕೇಳಿದನಂತೆ. ಅವರು ಮೊದಲ ಸಲ ಲೆಕ್ಕದ ಪುಸ್ತಕಗಳನ್ನು ಅವನ ಮುಂದೆ ತೆರೆದಿಟ್ಟರಂತೆ. ಜಿ.ಎಸ್.ಟಿ. ಬಂದ ಮೇಲೆ ತಮಗೆ ತಿಳಿಯದ ಕಾಗದಗಳಿಗೆ ಸಹಿ ಹಾಕುವ ಸಂಕಟವನ್ನೂ, ಪಾಲುದಾರನೊಬ್ಬ ಲೆಕ್ಕದಲ್ಲಿ ಮೋಸಮಾಡಿದ್ದನ್ನೂ ಹೇಳಿಕೊಂಡರಂತೆ. ಹನ್ನೆರಡು ಗಂಟೆಯವರೆಗೂ ಮಾತಾಯಿತಂತೆ.

"ಬಿ.ಕಾಂ.ಗೆ ಹೋಗುತ್ತೇನೆ ಸಾರ್. ಕಾರು ಈಗ ಬೇಡ ಅಂದೆ. ಅಪ್ಪನಿಗೆ ಸ್ವಲ್ಪ ಬೇಸರವಾಯಿತು."

ನನಗೂ ಸ್ವಲ್ಪ ಬೇಸರವಾಯಿತು. ಐಚ್ಛಿಕ ಕನ್ನಡಕ್ಕೆ ಬರುವವರೇ ಕಡಿಮೆ. ಅವರಲ್ಲಿ ಕರ್ಣನ ಬಗ್ಗೆ ಅಂಥ ಪ್ರಶ್ನೆ ಕೇಳಿದವನು ಅವನೊಬ್ಬನೇ. ಆದರೂ ಅರ್ಜಿಗೆ ಶಿಫಾರಸು ಬರೆದು ಕೊಟ್ಟೆ. ಭಾಷಾ ಪತ್ರಿಕೆಯ ತರಗತಿಯಲ್ಲಿ ಈಗಲೂ ಸಿಗುತ್ತಾನೆ, ಬಸ್ಸಿನಲ್ಲಿಯೇ ಬರುತ್ತಾನೆ. ಸಂಜೆ ಹೊತ್ತು ಪಂಪನನ್ನು ಓದುತ್ತಿದ್ದಾನೋ ಇಲ್ಲವೋ, ನಾನು ಕೇಳಿಲ್ಲ.

ಈ ವರ್ಷ ಮತ್ತೆ ಆ ಭಾಗದ ಪಾಠ ಬಂತು. ಕರ್ಣ ರಾಜ್ಯವನ್ನು ಬೇಡವೆನ್ನಬೇಕಾಗಿತ್ತೇ ಎಂದು ಈಗ ನಾನೇ ತರಗತಿಯನ್ನು ಕೇಳುತ್ತೇನೆ. ಮಕ್ಕಳು ಎರಡು ಪಕ್ಷವಾಗಿ ವಾದಿಸುತ್ತಾರೆ. ಅವರು ದಣಿದ ಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ: "ದುರ್ಯೋಧನ ಎದ್ದು ನಿಲ್ಲುವುದಕ್ಕೆ ಮೊದಲು ಕರ್ಣ ಆ ರಂಗಕ್ಕೆ ಬಂದದ್ದು ಏತಕ್ಕೆ?" ಬಂದದ್ದು ಬಿಲ್ಲಿನ ವಿದ್ಯೆಯನ್ನು ತೋರಿಸುವುದಕ್ಕೆ; ಹಿಂದಿರುಗಿದ್ದು ರಾಜ್ಯದೊಡನೆ.