ಕೊಡ ಹಿಡಿದು ಬಂದವರು ಯಾರು

ನೀರು ಮತ್ತು ನೈರ್ಮಲ್ಯದ ಯೋಜನೆಗಳ ಫಲವನ್ನು ಅಳೆಯುವುದು ಲೆಕ್ಕದ ಕೆಲಸವೆಂದೇ ರೂಢಿ: ಇಷ್ಟು ನಲ್ಲಿ, ಇಷ್ಟು ಶೌಚಾಲಯ, ಇಷ್ಟು ಖರ್ಚು. ಫಲವೆಂದರೆ ಯಾವುದು, ಅದು ಸೇರಬೇಕಾದ್ದು ಯಾರಿಗೆ ಎಂದು ಕೇಳಿದೊಡನೆ ಅದು ಧರ್ಮದ ಪ್ರಶ್ನೆಯಾಗುತ್ತದೆ.

ಪುಣೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿತು. 1868ರಲ್ಲಿ ಜ್ಯೋತಿಬಾ ಫುಲೆ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದರು. ಅಲ್ಲಿಂದ ದಿನಕ್ಕೆ ಎಷ್ಟು ಕೊಡ ನೀರು ಹೋಯಿತೆಂಬ ಲೆಕ್ಕದಲ್ಲಿ ಆ ಕೆಲಸದ ತೂಕ ಸಿಗದು. ಕೊಡ ಹಿಡಿದು ಬಂದವರು ಯಾರೆಂದು ನೋಡಬೇಕು. ಕೊಂಕಣದ ಮಹಾಡ್ ಊರಿನ ಚವದಾರ್ ಕೆರೆಯ ಕಥೆ ಇನ್ನೂ ಕಟುವಾದದ್ದು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ಮುಕ್ತವೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು, ಮಹಾಡ್ ಪುರಸಭೆಯೂ ಅದನ್ನು ಒಪ್ಪಿತ್ತು. ಕಡತದ ಪ್ರಕಾರ ಕೆಲಸ ಮುಗಿದಿತ್ತು. ಆದರೂ ದಲಿತರು ಆ ನೀರು ಮುಟ್ಟಲು 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಕೆರೆಗೆ ನಡೆದುಹೋಗಬೇಕಾಯಿತು. ಆಮೇಲೆ ಸವರ್ಣೀಯರು ಸಗಣಿ, ಗೋಮೂತ್ರ ಸುರಿದು ಕೆರೆಗೆ ಶುದ್ಧಿ ಮಾಡಿಸಿದರು. ಮಡಿ ಬೇರೆ, ಶುಚಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇಂದಿನ ಅಳತೆಯ ತೊಡಕಿಗೂ ಪುಣೆಯಲ್ಲೇ ಉದಾಹರಣೆ ಇದೆ. 1999ರ ನಂತರ ಪುಣೆ ಮಹಾನಗರಪಾಲಿಕೆ ಸ್ವಯಂಸೇವಾ ಸಂಸ್ಥೆಗಳ ಜೊತೆಗೂಡಿ ಕೊಳೆಗೇರಿಗಳಲ್ಲಿ 400ಕ್ಕೂ ಹೆಚ್ಚು ಸಮುದಾಯ ಶೌಚಾಲಯಗಳನ್ನು ಕಟ್ಟಿಸಿತು. ಹಲವು ಕಡೆ ಮಕ್ಕಳಿಗೆ ಬೇರೆ ಜಾಗವೂ ನೋಡಿಕೊಳ್ಳುವ ಕುಟುಂಬಕ್ಕೊಂದು ಕೋಣೆಯೂ ಇತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಬಳಸುವ ಅಳತೆಯ ಏಣಿಯಲ್ಲಿ ಹಲವು ಮನೆಗಳು ಹಂಚಿಕೊಳ್ಳುವ ಶೌಚಾಲಯ, ಎಷ್ಟೇ ಚೊಕ್ಕಟವಾಗಿದ್ದರೂ, 'ಸೀಮಿತ'ವೆಂಬ ಮೆಟ್ಟಿಲಿನಿಂದ ಮೇಲೇರದು. ಅದಕ್ಕೆ ಕಾರಣಗಳೂ ಇವೆ. ರಾತ್ರಿ ಹೊತ್ತು ಹೆಂಗಸರು, ಹುಡುಗಿಯರು ಅಲ್ಲಿಯವರೆಗೆ ನಡೆದು ಹೋಗಬೇಕು. ಆದರೂ ಬಾಗಿಲು ಮುರಿದು ನೀರಿಲ್ಲದೆ ಬಿದ್ದಿರುವುದನ್ನೂ ಓಣಿಯವರೇ ತೊಳೆದು ಕಾಪಾಡುವುದನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸುವ ಅಳತೆ ಅರೆಬರೆಯದು.

ಫಲದ ಮೇಲೆ ಕಣ್ಣಿಡಬಾರದೆಂದು ಗೀತೆಯೇ ಹೇಳಿರುವಾಗ ಅಳತೆ ಏಕೆಂಬ ಆಕ್ಷೇಪ ಏಳಬಹುದು. ಬಿಡಬೇಕಾದ್ದು ಮಾಡುವವನು ತನಗಾಗಿ ಬಯಸುವ ಫಲವನ್ನು. ನೀರಿನ ಫಲ ಕುಡಿಯುವವರದು; ಅದರ ಲೆಕ್ಕ ಒಪ್ಪಿಸುವುದು ಮಾಡಿದವರ ಮೇಲಿರುವ ಋಣ.

ಮೈಲಿಗೆಯ ಭಾವ ಇಂದಿಗೂ ಶೌಚಗುಂಡಿಯ ಸುತ್ತ ಉಳಿದಿದೆ. ಕೈಯಿಂದ ಮಲ ಬಳಿಸುವುದನ್ನು 1993 ಮತ್ತು 2013ರ ಕಾಯ್ದೆಗಳು ನಿಷೇಧಿಸಿವೆ. ಆದರೆ ಕಡತದ ಮೇಲಿನ ನಿಷೇಧವಷ್ಟೇ ಸಾಲದು; ಸಮೀಕ್ಷೆಗೆ ಹೋದವರು ಶೌಚಾಲಯ ಇದೆಯೇ ಎಂದಷ್ಟೇ ಕೇಳಿ ಮರಳಬಾರದು. ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೀರಿ ಎಂದೂ ಕೇಳಬೇಕು. ಉತ್ತರವಾಗಿ ಒಂದು ಜಾತಿಯ ಹೆಸರು ಬಂದರೆ ಆ ಊರಿನಲ್ಲಿ ಯೋಜನೆ ಇನ್ನೂ ಮುಗಿದಿಲ್ಲ.